ಸೋತ ಊರಿನ ಮಾತು

ಪಂದ್ಯ ಗೆದ್ದ ಊರಿನಲ್ಲಿ ಹಲಗೆ ಬಾರಿಸುತ್ತಾರೆ, ಗುಲಾಲು ಹಾರಿಸುತ್ತಾರೆ, ದಣಿದು ಮಲಗುತ್ತಾರೆ. ಸೋತ ಊರಿನಲ್ಲಿ ಮಾತ್ರ ಯಾರಿಗೂ ನಿದ್ದೆ ಬರುವುದಿಲ್ಲ. ಅಗಸಿ ಕಟ್ಟೆಯ ಮೇಲೆ, ಚಹಾದ ಅಂಗಡಿಯ ಬಾಕಿನ ಮೇಲೆ ಕೂತು ಮಾತೇ ಮಾತು. ಕಾರ್ನರಿನ ಹುಡುಗ ಅಷ್ಟು ಮುಂದೆ ಯಾಕೆ ನುಗ್ಗಿದ? ನುಗ್ಗು ಎಂದು ಹೇಳಿಕೊಟ್ಟವರು ಯಾರು? ಅವನು ನುಗ್ಗಿದಾಗ ಪಕ್ಕದ ಕವರಿನವನು ಎಲ್ಲಿ ನೋಡುತ್ತಿದ್ದ? ಜತ್ತ, ಅಕ್ಕಲಕೋಟದ ಕಡೆ ಇದಕ್ಕೆ ಹುತುತು ಎನ್ನಿ, ಹೊಸೂರು, ತಾಳವಾಡಿಯ ಕಡೆ ಸಡುಗುಡು ಎನ್ನಿ, ಆದೋನಿ, ಮಡಕಶಿರಾದ ಕಡೆ ಚೆಡುಗುಡು ಎನ್ನಿ, ಹೆಸರು ಬೇರೆಯಾದರೂ ಸೋತ ಮೇಲಿನ ಮಾತು ಎಲ್ಲ ಕಡೆಯೂ ಒಂದೇ. ಗೆದ್ದಾಗ ದಾಳಿಗೆ ಹೋದವನನ್ನು ಹೊಗಳುತ್ತೇವೆ. ಸೋತಾಗ ಹಿಡಿಯಬೇಕಾದವನನ್ನು ಬೈಯುತ್ತೇವೆ.

ಇಂಥ ಮಾತು ಒಂದು ಊರಿನಲ್ಲಿ ಒಂದು ರಾತ್ರಿಗೆ ಮುಗಿಯದೆ, ಒಂದು ಇಡೀ ರಾಜ್ಯದಲ್ಲಿ ವರ್ಷಗಟ್ಟಲೆ ನಡೆದ ಸಂಗತಿಯನ್ನು ಈ ಹೊತ್ತು ತಮ್ಮ ಮುಂದೆ ಇಡುತ್ತೇನೆ. ಅದು ಅಮೆರಿಕದ ಓಹಾಯೋ ರಾಜ್ಯ. ಆಟ ಅವರ ಕಾಲೇಜು ಫುಟ್‌ಬಾಲ್. ನನ್ನ ತಂಗಿಯ ಮಗ ಅಲ್ಲಿನ ಕೊಲಂಬಸ್ ಪಟ್ಟಣದಲ್ಲಿ ಎರಡು ವರ್ಷ ಓದಿದವನು. 2022ರ ನವೆಂಬರ್ ತಿಂಗಳ ಕೊನೆಗೆ ಫೋನು ಮಾಡಿ, "ಮಾಮಾ, ಮೂರು ದಿನ ಆತ್ರಿ, ಇಲ್ಲಿ ಮಂದಿ ಊಟ ಬಿಟ್ಟವರಂಗ ಕೂತಾರ" ಎಂದ. ಯಾರಾದರೂ ದೊಡ್ಡವರು ತೀರಿಕೊಂಡರೇನೋ ಎಂದುಕೊಂಡೆ. ವಿಚಾರಿಸಿದರೆ, ಕಾಲೇಜಿನ ತಂಡ ಸೋತಿತ್ತು. ಅಷ್ಟಕ್ಕೆ ಇಷ್ಟು ದುಃಖವೇ ಎಂಬ ಕುತೂಹಲ ನನಗೆ ಅಂದಿನಿಂದ ಅಂಟಿಕೊಂಡಿತು. ಬ್ಯಾಂಕಿನ ಕೆಲಸದಿಂದ ನಿವೃತ್ತನಾದವನಿಗೆ ಸಮಯಕ್ಕೇನು ಕೊರತೆ? ಅಂಕಿ ಸಂಖ್ಯೆ ಎಂದರೆ ಮೊದಲಿನಿಂದಲೂ ಪ್ರೀತಿ. ಹೀಗಾಗಿ ಆ ಸೋಲಿನ ಲೆಕ್ಕವನ್ನು ಕೂತು ತಾಳೆ ನೋಡಿದ್ದೇನೆ.

ಮೊದಲು ಆಟದ ಪರಿಚಯ. ನಮ್ಮ ಕಾಸರಗೋಡಿನ ಕೇಳುಗರು ಫುಟ್‌ಬಾಲ್ ಎಂದ ಕೂಡಲೇ ಕಾಲಿನಿಂದ ಒದೆಯುವ ಆಟವನ್ನು ನೆನೆಯುತ್ತಾರೆ. ಇದು ಅದಲ್ಲ. ಇಲ್ಲಿ ಚೆಂಡು ತೆಂಗಿನಕಾಯಿಯಂತೆ ಎರಡೂ ತುದಿಗೆ ಚೂಪಾಗಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ದೂರಕ್ಕೆ ಎಸೆದು ತಮ್ಮವನಿಗೆ ಮುಟ್ಟಿಸುತ್ತಾರೆ. ಒಂದೊಂದು ಕಡೆ 11 ಮಂದಿ. ಮೈದಾನದ ಉದ್ದ 100 ಗಜ. ಚೆಂಡು ಇದ್ದ ತಂಡಕ್ಕೆ ನಾಲ್ಕು ಅವಕಾಶ ಕೊಡುತ್ತಾರೆ. ಆ ನಾಲ್ಕರೊಳಗೆ 10 ಗಜ ಮುಂದೆ ಸಾಗಿದರೆ ಮತ್ತೆ ಹೊಸದಾಗಿ ನಾಲ್ಕು ಅವಕಾಶ. ಸಾಗದಿದ್ದರೆ ಚೆಂಡು ಎದುರಾಳಿಗೆ. ಹೀಗೆ ಸಾಗಿ ಸಾಗಿ ಕೊನೆಯ ಗೆರೆ ದಾಟಿದರೆ 6 ಅಂಕ, ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು, ಒಟ್ಟು ಏಳು. ಗೆರೆಯ ತನಕ ಹೋಗಲಾಗದೆ ದೂರದಿಂದಲೇ ಕಂಬಗಳ ನಡುವೆ ಒದ್ದರೆ 3 ಅಂಕ. ಇಷ್ಟು ತಿಳಿದರೆ ಮುಂದಿನದಕ್ಕೆ ಸಾಕು.

ಚೆಂಡು ಎದುರಾಳಿಯ ಕೈಯಲ್ಲಿದ್ದಾಗ ಅವರನ್ನು ತಡೆಯುವುದೇ ರಕ್ಷಣೆ. ಅದಕ್ಕೆ ಬೇರೆಯೇ 11 ಮಂದಿ, ಅವರಿಗೆ ಬೇರೆಯೇ ಗುರು. ಈ ಹನ್ನೊಂದು ಮಂದಿ ಮೂರು ಸಾಲಿನಲ್ಲಿ ನಿಲ್ಲುತ್ತಾರೆ. ಎದುರಿನವರಿಗೆ ಎದೆ ಕೊಟ್ಟು ನೂಕುವ ಭಾರದ ಮೈಯವರು ಮುಂದಿನ ಸಾಲು. ಓಡಿ ಬಂದವನನ್ನು ಹಿಡಿಯುವವರು ನಡುವಿನ ಸಾಲು. ಎಸೆದ ಚೆಂಡನ್ನು ಕಾಯುವ ಚುರುಕು ಕಾಲಿನವರು ಹಿಂದಿನ ಸಾಲು. ಹಿಂದಿನವರಲ್ಲೂ ತೀರ ಹಿಂದೆ ನಿಂತವನಿಗೆ ಸೇಫ್ಟಿ ಎನ್ನುತ್ತಾರೆ. ಹೆಸರೇ ಹೇಳುವಂತೆ ಅವನು ಕೊನೆಯ ಕಾವಲುಗಾರ. ಮುಂದಿನ ಹತ್ತು ಮಂದಿ ತಪ್ಪಿದರೂ ಅವನೊಬ್ಬ ಇದ್ದಾನೆ ಎಂಬ ಧೈರ್ಯ.

ಇನ್ನು ರಕ್ಷಣೆಯ ಎರಡು ಮತಗಳು. ಇವನ್ನು ಅರ್ಥ ಮಾಡಿಕೊಂಡರೆ ಆ ದೊಡ್ಡ ಜಗಳವೇ ಅರ್ಥವಾದಂತೆ. ಚೆಂಡು ಎಸೆಯುವವನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಚೆಂಡು ಕೈಗೆ ಬಂದ ಮೇಲೆ ಅವನಿಗೆ ಸಿಗುವುದು ಎರಡು ಮೂರು ಸೆಕೆಂಡು. ಅಷ್ಟರೊಳಗೆ ಯಾರು ಎಲ್ಲಿದ್ದಾರೆ ಎಂದು ನೋಡಿ ಎಸೆಯಬೇಕು. ಒಂದು ಮತದವರು ಹೇಳುತ್ತಾರೆ: ಅವನಿಗೆ ಆ ಎರಡು ಸೆಕೆಂಡೂ ಕೊಡಬೇಡಿ, ನಾಲ್ವರು ನುಗ್ಗುವ ಕಡೆ ಆರು ಮಂದಿ ನುಗ್ಗಿ, ಅವನು ಹೆದರಿ ತಪ್ಪು ಮಾಡುತ್ತಾನೆ. ಇದಕ್ಕೆ ಬ್ಲಿಟ್ಸ್ ಎನ್ನುತ್ತಾರೆ. ಇನ್ನೊಂದು ಮತದವರು ಹೇಳುತ್ತಾರೆ: ಆರು ಮಂದಿ ನುಗ್ಗಿದರೆ ಹಿಂದೆ ಉಳಿಯುವವರು ಐದೇ ಮಂದಿ, ಆದ್ದರಿಂದ ನಾಲ್ವರು ಮಾತ್ರ ನುಗ್ಗಲಿ, ಉಳಿದವರು ಹಿಂದೆ ನಿಂತು ಕಾಯಲಿ, ಐದು ಗಜ ಆರು ಗಜ ಹೋದರೆ ಹೋಗಲಿ, ಒಂದೇ ಏಟಿಗೆ ಮೈದಾನ ದಾಟದಂತೆ ನೋಡಿಕೊಂಡರೆ ಸಾಕು. ನಮ್ಮ ಆಟದಲ್ಲೂ ಇದು ಇಲ್ಲವೇ? ದಾಳಿಗೆ ಬಂದವನನ್ನು ಗೆರೆಯ ಹತ್ತಿರವೇ ನುಗ್ಗಿ ಹಿಡಿಯುವ ತಂಡವೂ ಉಂಟು, ಅವನು ಒಳಗೆ ಬಂದು ಮೈಮರೆಯುವ ತನಕ ಕೈ ಕೈ ಹಿಡಿದು ಸರಪಳಿಯಾಗಿ ಕಾಯುವ ತಂಡವೂ ಉಂಟು. ಎರಡರಲ್ಲಿ ಯಾವುದು ಸರಿ ಎಂದು ನಮ್ಮ ಕಟ್ಟೆಯ ಮೇಲೂ ಇನ್ನೂ ತೀರ್ಮಾನವಾಗಿಲ್ಲ.

ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಇರುವುದು ಕೊಲಂಬಸ್ಸಿನಲ್ಲಿ. ಅವರ ಹುಟ್ಟು ಎದುರಾಳಿ ಉತ್ತರಕ್ಕಿರುವ ಮಿಷಿಗನ್ ವಿಶ್ವವಿದ್ಯಾಲಯ, ಊರು ಆ್ಯನ್ ಆರ್ಬರ್. ಇವರಿಬ್ಬರ ಪಂದ್ಯ ಶುರುವಾದದ್ದು 1897ರಲ್ಲಿ. ಪ್ರತಿ ವರ್ಷ ನವೆಂಬರ್ ಕೊನೆಯಲ್ಲಿ ನಡೆಯುತ್ತದೆ. ಪಂದ್ಯದ ವಾರ ಬಂತೆಂದರೆ ಕೊಲಂಬಸ್ಸಿನ ಕಾಲೇಜು ಆವರಣದ ಫಲಕಗಳಲ್ಲಿ ಎಲ್ಲೆಲ್ಲಿ ಇಂಗ್ಲಿಷಿನ 'ಎಂ' ಅಕ್ಷರ ಇದೆಯೋ ಅಲ್ಲೆಲ್ಲ ಅದರ ಮೇಲೆ ಕೆಂಪು ಪಟ್ಟಿಯಿಂದ ಅಡ್ಡಗೆರೆ ಅಂಟಿಸುತ್ತಾರೆ, ಎದುರಾಳಿಯ ಹೆಸರು ಆ ಅಕ್ಷರದಿಂದ ಶುರುವಾಗುತ್ತದೆಂಬ ಒಂದೇ ಕಾರಣಕ್ಕೆ. ಈ ಹಗೆಯ ಬೇರು ಆಟಕ್ಕಿಂತ ಹಳೆಯದು, ಅದನ್ನು ಕೇಳಿದರೆ ತಮಗೆ ನಗು ಬರಬಹುದು. ಅದು ಗಡಿ ತಂಟೆ. ಎರಡು ಸೀಮೆಗಳ ನಡುವೆ ಟೊಲೀಡೊ ಎಂಬ ಊರಿರುವ ಒಂದು ಪಟ್ಟಿ ನೆಲಕ್ಕಾಗಿ 1835ರಲ್ಲಿ ಎರಡೂ ಕಡೆಯವರು ಬಂದೂಕು ಹಿಡಿದು ನಿಂತಿದ್ದರು. ಪುಣ್ಯಕ್ಕೆ ದೊಡ್ಡ ರಕ್ತಪಾತವಾಗಲಿಲ್ಲ. ಕೊನೆಗೆ ಅಮೆರಿಕದ ಸಂಸತ್ತು ಟೊಲೀಡೊವನ್ನು ಓಹಾಯೋಕ್ಕೆ ಕೊಟ್ಟು, ಅದಕ್ಕೆ ಬದಲಾಗಿ ಮಿಷಿಗನ್‌ಗೆ ಉತ್ತರದ ಕಾಡು ಪ್ರದೇಶವನ್ನು ಕೊಟ್ಟಿತು. 1837ರಲ್ಲಿ ಮಿಷಿಗನ್ ರಾಜ್ಯವಾಯಿತು. ಆಮೇಲೆ ಆ ಕಾಡಿನಲ್ಲಿ ತಾಮ್ರ, ಕಬ್ಬಿಣದ ಗಣಿಗಳು ಸಿಕ್ಕವು. ಗಡಿ ಎಂದರೆ ಏನು, ಒಂದು ಗೆರೆಯ ಆಚೆ ಈಚೆ ಎಷ್ಟು ಮಾತು ಹುಟ್ಟುತ್ತದೆ ಎಂಬುದನ್ನು ನಮ್ಮ ಕೇಳುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪಂದ್ಯಕ್ಕೆ ಬರೋಣ. ಅದಕ್ಕೂ ಒಂದು ವರ್ಷ ಹಿಂದಕ್ಕೆ ಹೋಗಬೇಕು. 2012ರಿಂದ ಎಂಟು ಪಂದ್ಯ ಸತತವಾಗಿ ಗೆದ್ದಿದ್ದ ಓಹಾಯೋ, 2021ರಲ್ಲಿ ಮಿಷಿಗನ್ ಊರಿನಲ್ಲಿ 42-27ರಿಂದ ಸೋತಿತು. ಅದು ಎಸೆತದಿಂದ ಆದ ಸೋಲಲ್ಲ. ಮಿಷಿಗನ್‌ನವರು ಚೆಂಡು ಹಿಡಿದು ನೇರ ಎದೆಯ ಮೇಲೆಯೇ ನುಗ್ಗಿ ನುಗ್ಗಿ ಓಡಿದರು. ಅವರ ಹಾಸನ್ ಹಾಸ್ಕಿನ್ಸ್ ಎಂಬ ಒಬ್ಬನೇ ಐದು ಸಲ ಗೆರೆ ದಾಟಿದ. ನಮ್ಮ ಹುಡುಗರು ಮೆತ್ತಗಾದರು ಎಂದು ಓಹಾಯೋದವರು ವರ್ಷವಿಡೀ ಕೊರಗಿದರು. ಮುಖ್ಯ ಗುರು ರಯಾನ್ ಡೇ ರಕ್ಷಣೆಗೆ ಹೊಸ ಗುರುವನ್ನು ತಂದರು. ಒಕ್ಲಹೋಮ ಸ್ಟೇಟ್‌ನಿಂದ ಬಂದ ಅವರ ಹೆಸರು ಜಿಮ್ ನೋಲ್ಸ್. ಅವರ ವ್ಯೂಹದಲ್ಲಿ ಮುಂದೆ ನಾಲ್ವರು, ನಡುವೆ ಇಬ್ಬರು, ಹಿಂದೆ ಐವರು. ನುಗ್ಗುವುದರಲ್ಲಿ ಅವರಿಗೆ ಹೆಚ್ಚು ನಂಬಿಕೆ. 2022ರಲ್ಲಿ ಓಹಾಯೋ ಮೊದಲ 11 ಪಂದ್ಯಗಳನ್ನೂ ಗೆದ್ದಿತು. ಮಿಷಿಗನ್ ಸಹ ತನ್ನ 11ನ್ನೂ ಗೆದ್ದಿತ್ತು.

ನವೆಂಬರ್ 26, ಶನಿವಾರ. ಕೊಲಂಬಸ್ಸಿನ ಮೈದಾನ 1922ರಲ್ಲಿ ಕಟ್ಟಿದ್ದು, ಕುದುರೆ ಲಾಳದ ಆಕಾರದ್ದು, ಒಂದು ಲಕ್ಷಕ್ಕೂ ಹೆಚ್ಚು ಮಂದಿ ಕೂರುತ್ತಾರೆ. ನಮ್ಮ ಕಡೆಯ ಹತ್ತಾರು ಹಳ್ಳಿಗಳ ಮಂದಿಯನ್ನೆಲ್ಲ ಕರೆದುಕೊಂಡು ಹೋದರೂ ಇನ್ನೂ ಜಾಗ ಉಳಿಯುತ್ತದೆ. ಅರ್ಧ ಆಟ ಮುಗಿದಾಗ ಓಹಾಯೋ 20-17ರಿಂದ ಮುಂದಿತ್ತು. ಆಟ ಮುಗಿದಾಗ ಮಿಷಿಗನ್ 45, ಓಹಾಯೋ 23. ಎರಡನೆಯ ಅರ್ಧದಲ್ಲಿ 28ಕ್ಕೆ 3.

ಇದು ಹೇಗಾಯಿತು ಎಂಬುದೇ ಚರ್ಚೆಯ ಮೂಲ. ಹಿಂದಿನ ವರ್ಷ ಓಡಿ ಸೋಲಿಸಿದ್ದರಲ್ಲ, ಈ ಸಲ ಆ ಓಟವನ್ನು ತಡೆಯಲೇಬೇಕೆಂದು ಓಹಾಯೋ ತನ್ನ ಜನರನ್ನು ಮುಂದಕ್ಕೆ ತಂದು ನಿಲ್ಲಿಸಿತು. ಸೇಫ್ಟಿಗಳು ಸಹ ಮುಂದೆ ಬಂದರು. ಹೋದ ವರ್ಷ ಕಳ್ಳ ಬಂದ ಬಾಗಿಲಿಗೆ ಎರಡು ಬೀಗ ಜಡಿದರು, ಹಿತ್ತಲ ಬಾಗಿಲು ತೆರೆದೇ ಇತ್ತು. ಮಿಷಿಗನ್‌ನ ಎಸೆತಗಾರ ಜೆ. ಜೆ. ಮೆಕಾರ್ಥಿ ಹತ್ತಿರಕ್ಕೆ ಎಸೆದ ಒಂದು ಚೆಂಡನ್ನು ಕಾರ್ನೀಲಿಯಸ್ ಜಾನ್ಸನ್ ಹಿಡಿದ. ಕಾಯುತ್ತಿದ್ದವನ ಕೈ ಜಾರಿತು. ಹಿಂದೆ ಯಾರೂ ಇರಲಿಲ್ಲ. 69 ಗಜ ಓಡಿ ಗೆರೆ ದಾಟಿದ. ಸ್ವಲ್ಪ ಹೊತ್ತಿಗೆ ಅದೇ ಜಾನ್ಸನ್ ಕಾವಲೇ ಇಲ್ಲದ ಜಾಗದಲ್ಲಿ ಹಿಡಿದು 75 ಗಜದ ಇನ್ನೊಂದು. ಬಿಡುವಿನ ನಂತರ ಕೋಲ್ಸ್ಟನ್ ಲವ್‌ಲ್ಯಾಂಡ್ ಎಂಬವನಿಗೆ 45 ಗಜದ್ದು. ಕೊನೆಯ ಪಾದದಲ್ಲಿ, ಓಹಾಯೋ ಬರೀ 8 ಅಂಕ ಹಿಂದಿದ್ದು ಇನ್ನೂ ಆಸೆ ಉಳಿದಿದ್ದಾಗ, ಡೊನೊವನ್ ಎಡ್ವರ್ಡ್ಸ್ ಚೆಂಡು ಹಿಡಿದು ಓಡಿದ. ಮುಂದಿನ ಸಾಲು ದಾಟಿದ್ದೇ ತಡ, ಎದುರಿಗೆ ಬಯಲೇ ಬಯಲು. 75 ಗಜ. ಮತ್ತೆ ಸ್ವಲ್ಪ ಹೊತ್ತಿಗೆ ಅವನೇ 85 ಗಜ.

ಈಗ ನನ್ನ ಲೆಕ್ಕ ಕೇಳಿ. ಆ ದಿನ ಮಿಷಿಗನ್ ಸುಮಾರು 60 ಸಲ ಚೆಂಡು ಆಡಿ ಒಟ್ಟು 530 ಗಜ ಸಾಗಿತು. ನಾನು ಹೇಳಿದ ಐದು ಸಲದ್ದು ಕೂಡಿಸಿ: 69, 75, 45, 75, 85. ಒಟ್ಟು 349. ಉಳಿದ 55 ಸಲ ಸೇರಿ ಅವರಿಗೆ ಸಿಕ್ಕಿದ್ದು 181 ಗಜ ಮಾತ್ರ, ಅಂದರೆ ಒಂದು ಸಲಕ್ಕೆ ಮೂರು ಗಜದ ಮೇಲೆ ಒಂದಿಷ್ಟು. ಅಂಕದಲ್ಲಿ ನೋಡಿದರೆ, ಐದು ಏಳಲೆ 35. ಉಳಿದ ಅಷ್ಟೂ ಆಟದಿಂದ ಬಂದದ್ದು 10. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ದಿನವಿಡೀ 55 ಜನ ನೂರು ಇನ್ನೂರು ತೆಗೆದುಕೊಂಡು ಹೋದರು, ಐದೇ ಐದು ಚೆಕ್ಕು ತಿಜೋರಿಯನ್ನೇ ಬರಿದು ಮಾಡಿದವು.

ಮಾರನೆಯ ದಿನದಿಂದ ಮಾತು ಶುರು. ಒಂದು ಪಂಗಡ ಹೇಳಿತು: ರಕ್ಷಣೆ ಚೆನ್ನಾಗಿಯೇ ಇತ್ತು, 60ರಲ್ಲಿ 55 ಸಲ ಎದುರಾಳಿಯನ್ನು ಕಟ್ಟಿಹಾಕಿದೆವು, ಆ ಐದು ಬಿಟ್ಟರೆ ನಾವು 23-10ರಿಂದ ಗೆದ್ದಂತೆ. ಇನ್ನೊಂದು ಪಂಗಡ: ಆ ಐದಕ್ಕೂ ನೋಲ್ಸ್ ಅವರೇ ಕಾರಣ, ಹಿಂದೆ ಒಬ್ಬನನ್ನಾದರೂ ನಿಲ್ಲಿಸಬೇಕೆಂಬುದು ಶಾಲೆಯ ಹುಡುಗರಿಗೂ ಗೊತ್ತು. ಮೂರನೆಯ ಪಂಗಡ: ಯೋಜನೆ ಏನೇ ಇರಲಿ, ಕೈಗೆ ಸಿಕ್ಕವನನ್ನು ಹಿಡಿಯದೆ ಬಿಟ್ಟವರು ಆಟಗಾರರು, ಗುರು ಬಂದು ಹಿಡಿಯಲಾದೀತೇ? ನಾಲ್ಕನೆಯವರಿಗೆ ರಕ್ಷಣೆಯ ಮಾತೇ ಬೇಡ: ಎರಡನೆಯ ಅರ್ಧದಲ್ಲಿ ಮೂರೇ ಅಂಕ ಗಳಿಸಿದ ನಮ್ಮ ದಾಳಿಯವರನ್ನು ಯಾಕೆ ಕೇಳುವುದಿಲ್ಲ?

ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಮೊದಲನೆಯ ಪಂಗಡದ ಲೆಕ್ಕವನ್ನು ನಾನು ಒಪ್ಪಲಾರೆ. ಆ ಐದು ಬಿಟ್ಟರೆ ಎನ್ನುವ ಮಾತು ಕೇಳಲು ಇಂಪು, ಆದರೆ ಆ ಐದು ಹಾಗೂ ಈ ಐವತ್ತೈದು ಬೇರೆ ಬೇರೆ ಖಾತೆಗಳಲ್ಲ. ಸೇಫ್ಟಿಯನ್ನು ಮುಂದಕ್ಕೆ ತಂದದ್ದರಿಂದಲೇ 55 ಸಲ ಎದುರಾಳಿಗೆ ಮೂರು ಗಜ ಸಿಕ್ಕಿತು, ಸೇಫ್ಟಿಯನ್ನು ಮುಂದಕ್ಕೆ ತಂದದ್ದರಿಂದಲೇ ಐದು ಸಲ ಮೈದಾನವೇ ಹೋಯಿತು. ಎರಡೂ ಒಂದೇ ಬೀಜದ ಬೆಳೆ. ನಾನು ನೌಕರಿಯಲ್ಲಿದ್ದಾಗ ಬ್ಯಾಂಕಿನ ಬಡ್ಡಿ ಕಡಿಮೆಯೆಂದು ಠೇವಣಿ ಬಿಡಿಸಿ ಹೊರಗೆ ನೂರಕ್ಕೆ ಮೂರರಂತೆ ತಿಂಗಳ ಬಡ್ಡಿಗೆ ಕೊಡುವವರನ್ನು ನೋಡಿದ್ದೇನೆ. ಹನ್ನೊಂದು ತಿಂಗಳು ಅವರಷ್ಟು ಜಾಣರು ಇಲ್ಲ. ಹನ್ನೆರಡನೆಯ ತಿಂಗಳು ಸಾಲ ತೆಗೆದುಕೊಂಡವನು ಊರು ಬಿಡುತ್ತಾನೆ. ಆಗ ಅವರು, ಆ ಒಂದು ತಿಂಗಳು ಬಿಟ್ಟರೆ ಲಾಭವೇ ಎಂದರೆ ಏನು ಹೇಳೋಣ? ಓಹಾಯೋದವರೂ 11 ಪಂದ್ಯ ಇದೇ ನುಗ್ಗುವ ರಕ್ಷಣೆಯಿಂದ ಗೆದ್ದಿದ್ದರು. ಆಗ ಹಿಂದೆ ಯಾರೂ ಇಲ್ಲವಲ್ಲ ಎಂದು ಕೇಳಿದವರು ಎಷ್ಟು ಮಂದಿ? ಎದುರಾಳಿಗಳಿಗೆ ಆ ಬಯಲು ಕಂಡರೂ ಅಲ್ಲಿಗೆ ಚೆಂಡು ಮುಟ್ಟಿಸುವ ತಾಕತ್ತು ಇರಲಿಲ್ಲ, ಅಷ್ಟೇ.

ಮೂರನೆಯ ಪಂಗಡದ ಮಾತಿಗೂ ಇದೇ ಉತ್ತರ. ಕೈ ಜಾರುವುದು ಯಾವ ಆಟದಲ್ಲಿಲ್ಲ? ಹಿಂದೆ ಕಾವಲುಗಾರ ಇದ್ದಿದ್ದರೆ ಮೊದಲನೆಯ ಆ ಚೆಂಡು ಇಪ್ಪತ್ತು ಗಜಕ್ಕೆ ನಿಲ್ಲುತ್ತಿತ್ತು, ಜಾರಿದ ಕೈ ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ ಯಾಕೆ ಕೊಡುತ್ತಾರೆ? ಇಬ್ಬರಲ್ಲಿ ಒಬ್ಬ ಕಳ್ಳ ಎಂದಲ್ಲ. ಮನುಷ್ಯ ಎಂದ ಮೇಲೆ ಒಂದು ದಿನ ತಪ್ಪುತ್ತಾನೆ, ಆ ತಪ್ಪು ಅಲ್ಲಿಗೇ ನಿಲ್ಲಲಿ ಎಂದು. ಒಂದು ಕೀಲಿ ಮಾಡಿಟ್ಟು, ಆಮೇಲೆ ಕೀಲಿ ಮರೆತ ಹುಡುಗನನ್ನು ಬೈಯುವುದು ನ್ಯಾಯವಲ್ಲ.

ಹುಡುಗರನ್ನು ಬೈಯುವ ಮಾತು ಬಂದದ್ದಕ್ಕೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇವರೆಲ್ಲ 19, 20, 21 ವಯಸ್ಸಿನವರು, ಓದುವ ಹುಡುಗರು. ಅವರ ಹೆಸರಿನಿಂದ ಜಾಹೀರಾತಿನ ಹಣ ಪಡೆಯಲು ಅವಕಾಶ ಸಿಕ್ಕಿದ್ದೇ 2021ರಲ್ಲಿ, ವಿಶ್ವವಿದ್ಯಾಲಯಗಳೇ ನೇರವಾಗಿ ಆದಾಯದಲ್ಲಿ ಪಾಲು ಕೊಡಲು ಶುರು ಮಾಡಿದ್ದು 2025ರಲ್ಲಿ. ಆದರೆ ಬೈಗುಳ ಮೊದಲಿನಿಂದಲೂ ಧಾರಾಳ. 2021ರ ಮಾರ್ಚಿನಲ್ಲಿ ಇದೇ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡ ತನಗಿಂತ ಸಣ್ಣ ಕಾಲೇಜೊಂದಕ್ಕೆ ಸೋತಾಗ, ಇ. ಜೆ. ಲಿಡೆಲ್ ಎಂಬ ಆಟಗಾರನಿಗೆ ಜೀವ ತೆಗೆಯುತ್ತೇವೆ ಎಂಬ ಬೆದರಿಕೆಗಳು ಬಂದವು. ನಾನು ನಿಮಗೇನು ಮಾಡಿದ್ದೇನೆ ಎಂಬ ಅರ್ಥದಲ್ಲಿ ಅವನು ಬಹಿರಂಗವಾಗಿ ಕೇಳಬೇಕಾಯಿತು. 2023ರ ಜನವರಿ 1ರಿಂದ ಓಹಾಯೋದಲ್ಲಿ ಪಂದ್ಯಗಳ ಮೇಲೆ ಹಣ ಕಟ್ಟುವುದು ಕಾನೂನುಬದ್ಧವಾಗಿದೆ. ಹಣ ಕಳೆದುಕೊಂಡವನ ಸಿಟ್ಟು ಊರಿನ ಅಭಿಮಾನದ ಸಿಟ್ಟಿಗಿಂತ ಕೆಟ್ಟದ್ದು. ನಮ್ಮಲ್ಲಿ ಅಷ್ಟಿಲ್ಲ ಎಂದು ಸಮಾಧಾನಪಡಬೇಡಿ. ನಮ್ಮ ಕಡೆ ಜಾತ್ರೆಯ ಪಂದ್ಯದಲ್ಲಿ ಕಾಲು ಹಿಡಿಯಲು ಹೋಗಿ ತಪ್ಪಿದ ಒಬ್ಬ ಹುಡುಗನಿಗೆ ಚಹಾದ ಅಂಗಡಿಯವರು ಇಟ್ಟ ಅಡ್ಡ ಹೆಸರು ಎಷ್ಟು ಅಂಟಿತೆಂದರೆ, ಎರಡು ವರ್ಷ ಅವನು ಅಂಗಳದ ಕಡೆಗೇ ಬರಲಿಲ್ಲ. ಮುಂದೆ ನುಗ್ಗು ಎಂದು ಸನ್ನೆ ಮಾಡಿದ ಹಿರಿಯರು ಮಾತ್ರ ಮರುದಿನವೂ ಅದೇ ಬಾಕಿನ ಮೇಲೆ ಕೂತಿದ್ದರು. ರಕ್ಷಣೆಯ ಆಟದ ಸ್ವಭಾವವೇ ಹೀಗೆ. ಯೋಜನೆ ಹಾಕಿದವನು ಗೆರೆಯ ಹೊರಗೆ, ಕಣ್ಣಿಗೆ ಬೀಳುವವನು ಕೊನೆಗೆ ಹಿಡಿಯಲು ಹೋಗಿ ಬಿದ್ದವನು.

ಚರ್ಚೆಗೆ ಮರು ವರ್ಷ ಹೊಸ ತುಪ್ಪ ಬಿತ್ತು. ಗೆರೆಯ ಹೊರಗಿನಿಂದ ಗುರುಗಳು ಕೈಸನ್ನೆ, ಚಿತ್ರದ ಹಲಗೆಗಳ ಮೂಲಕ ಆಟಗಾರರಿಗೆ ಆಜ್ಞೆ ಕೊಡುವುದು ಅಲ್ಲಿನ ಪದ್ಧತಿ. ಪಂದ್ಯ ನಡೆಯುವಾಗ ಎದುರಾಳಿಯ ಸನ್ನೆಯನ್ನು ಕಣ್ಣಳತೆಯಲ್ಲಿ ಊಹಿಸುವುದು ತಪ್ಪಲ್ಲ. ಆದರೆ ಮುಂದೆ ಆಡಬೇಕಾದ ತಂಡದ ಬೇರೆ ಪಂದ್ಯಗಳಿಗೆ ಖುದ್ದಾಗಿ ಹೋಗಿ ನೋಡಿ ಬರುವುದಕ್ಕೆ 1994ರಿಂದ ನಿಷೇಧವಿದೆ. ಮಿಷಿಗನ್ ತಂಡದ ಒಬ್ಬ ಸಿಬ್ಬಂದಿ ಎದುರಾಳಿಗಳ ಪಂದ್ಯಗಳ ಟಿಕೆಟು ಕೊಂಡು, ಜನರನ್ನು ಕಳಿಸಿ ಸನ್ನೆಗಳನ್ನು ಚಿತ್ರೀಕರಿಸಿದ ಆರೋಪ 2023ರ ಅಕ್ಟೋಬರಿನಲ್ಲಿ ಹೊರಬಿತ್ತು. ಮುಖ್ಯ ಗುರು ಜಿಮ್ ಹಾರ್ಬೊ ಅವರನ್ನು ಆ ವರ್ಷದ ನಿಯಮಿತ ಋತುವಿನ ಕೊನೆಯ ಮೂರು ಪಂದ್ಯಗಳಿಂದ ದೂರ ಇಡಲಾಯಿತು. 2025ರ ಆಗಸ್ಟಿನಲ್ಲಿ ರಾಷ್ಟ್ರೀಯ ಸಂಸ್ಥೆ ಮಿಷಿಗನ್‌ಗೆ ಭಾರಿ ದಂಡ ವಿಧಿಸಿತು. ಓಹಾಯೋದ ಕಟ್ಟೆಗಳಲ್ಲಿ ಆಗ ಒಂದೇ ಮಾತು: ನಮ್ಮ ವ್ಯೂಹ ಅವರಿಗೆ ಮೊದಲೇ ಗೊತ್ತಿತ್ತು, ಅದಕ್ಕೇ ಸೋತೆವು!

ಗೊತ್ತಿದ್ದರೆ ಲಾಭವಾಗದೆ ಇರುತ್ತದೆಯೇ? ಆಗುತ್ತದೆ. ಎಷ್ಟು ಎಂದು ಅಳೆಯುವ ತಕ್ಕಡಿ ಮಾತ್ರ ಯಾರ ಬಳಿಯೂ ಇಲ್ಲ. ಆದರೆ ಆರೋಪ ಹೊರಬಿದ್ದು, ಆ ಸಿಬ್ಬಂದಿ ಕೆಲಸ ಬಿಟ್ಟು, ಹಾರ್ಬೊ ಮೈದಾನದಲ್ಲೇ ಇಲ್ಲದ 2023ರ ನವೆಂಬರ್ ಪಂದ್ಯದಲ್ಲೂ ಮಿಷಿಗನ್ 30-24ರಿಂದ ಗೆದ್ದಿತು. 2024ರಿಂದ ಗುರುಗಳ ಮಾತು ಆಟಗಾರನ ಶಿರಸ್ತ್ರಾಣದೊಳಗಿನ ರೇಡಿಯೊಕ್ಕೇ ಹೋಗುವ ವ್ಯವಸ್ಥೆ ಬಂತು. ಆ ವರ್ಷವೂ ಮಿಷಿಗನ್ನೇ ಗೆದ್ದಿತು. ಹೀಗಾಗಿ ಸನ್ನೆಯ ಕಳವೊಂದನ್ನೇ ಹಿಡಿದು ಕೂತರೆ ಲೆಕ್ಕ ತಾಳೆಯಾಗುವುದಿಲ್ಲ.

ಈ ನಡುವೆ ನೋಲ್ಸ್ ಏನು ಮಾಡಿದರು? ಸೋಲಿನ ನಂತರ 2022ರ ಡಿಸೆಂಬರ್ 31ರಂದು ಜಾರ್ಜಿಯಾ ತಂಡದ ಮೇಲೆ ಕೊನೆಯ ಪಾದದಲ್ಲಿ 14 ಅಂಕ ಮುಂದಿದ್ದೂ 42-41ರಿಂದ ಸೋತರು. ಅಲ್ಲಿಯೂ 76 ಗಜದ ಒಂದೇ ಎಸೆತ ಕಥೆ ಕೆಡಿಸಿತ್ತು. ಮರು ವರ್ಷದಿಂದ ಅವರು ಹಿಂದೆ ಕಾವಲು ಬಿಡದ ರಕ್ಷಣೆಗೆ ತಿರುಗಿದರು. ಫಲ ಅಂಕಿಯಲ್ಲೇ ಕಾಣುತ್ತದೆ. 2022ರಲ್ಲಿ ಒಂದು ಪಂದ್ಯಕ್ಕೆ ಸರಾಸರಿ 21 ಅಂಕ ಬಿಟ್ಟುಕೊಟ್ಟಿದ್ದ ತಂಡ 2023ರಲ್ಲಿ ಬಿಟ್ಟುಕೊಟ್ಟದ್ದು ಸುಮಾರು 11. ಆದರೂ ಮಿಷಿಗನ್ ಮೇಲೆ ಸೋತರಲ್ಲ, ಆಗ ಅದೇ ಅಭಿಮಾನಿಗಳ ದೂರು ತಿರುವುಮುರುವಾಯಿತು: ನೋಲ್ಸ್ ಹೆದರಿದ್ದಾರೆ, ನುಗ್ಗುವುದನ್ನೇ ಬಿಟ್ಟಿದ್ದಾರೆ, ಎಸೆತಗಾರನಿಗೆ ಆರಾಮವಾಗಿ ನಿಂತು ಎಸೆಯಲು ಬಿಡುತ್ತಾರೆ! ಹೋದ ವರ್ಷ ಹಿಂದೆ ಯಾಕೆ ನಿಲ್ಲಿಸಲಿಲ್ಲ ಎಂದವರೇ ಈ ವರ್ಷ ಮುಂದೆ ಯಾಕೆ ಕಳಿಸಲಿಲ್ಲ ಎಂದರು.

ನಗುವಂತಿದ್ದರೂ ಎರಡನೆಯ ದೂರಿನಲ್ಲಿ ಹುರುಳಿತ್ತೆಂದು 2024ರ ಅಕ್ಟೋಬರ್ 12 ತೋರಿಸಿತು. ಅಂದು ಓರೆಗನ್ ತಂಡ ತನ್ನ ಊರಿನಲ್ಲಿ 32-31ರಿಂದ ಗೆದ್ದಿತು. ಓರೆಗನ್‌ನ ಎಸೆತಗಾರ ಡಿಲನ್ ಗೇಬ್ರಿಯಲ್‌ನನ್ನು ಓಹಾಯೋದವರು ಒಂದು ಸಲವೂ ಕೆಡವಲಾಗಲಿಲ್ಲ. ಅದರ ನಂತರದ ಬಿಡುವಿನ ವಾರದಲ್ಲಿ ರಕ್ಷಣೆಯನ್ನು ಮತ್ತೆ ತಿದ್ದಿದರು. ಈ ಸಲ ತಿದ್ದಿದ ರೀತಿ ನನಗೆ ಮೆಚ್ಚುಗೆಯಾಯಿತು. ನುಗ್ಗುವವರ ಸಂಖ್ಯೆ ನಾಲ್ಕೇ, ಆದರೆ ಆ ನಾಲ್ವರು ಯಾರು ಎಂಬುದು ಕೊನೆಯ ಗಳಿಗೆಯ ತನಕ ಎದುರಾಳಿಗೆ ತಿಳಿಯಕೂಡದು. ಮುಂದಿನ ಸಾಲಿನವನೊಬ್ಬ ನುಗ್ಗುವಂತೆ ನಟಿಸಿ ಹಿಂದೆ ಸರಿಯುತ್ತಾನೆ, ನಡುವಿನವನೊಬ್ಬ ಸುಮ್ಮನೆ ನಿಂತಂತೆ ಇದ್ದು ನುಗ್ಗುತ್ತಾನೆ. ಎದುರಾಳಿಗೆ ಆರು ಮಂದಿ ಬರುವಂತೆ ಭಯ, ಇವರಿಗೆ ಮಾತ್ರ ಹಿಂದೆ ಏಳು ಮಂದಿಯ ಕಾವಲು. ನಮ್ಮ ಆಟದಲ್ಲಿ ಸರಪಳಿಯ ಒಂದು ತುದಿ ಅಲುಗಿ ಇನ್ನೊಂದು ತುದಿ ಹಿಡಿಯುತ್ತದಲ್ಲ, ಅದೇ ಉಪಾಯ. ಮೂರು ತಿಂಗಳೊಳಗೆ, 2025ರ ಜನವರಿ 1ರಂದು ಅದೇ ಓರೆಗನ್ ಮತ್ತೆ ಎದುರಾಯಿತು. ಈ ಸಲ ಓಹಾಯೋ 41, ಓರೆಗನ್ 21. ಒಂದು ಹಂತದಲ್ಲಿ 34-0 ಇತ್ತು. ಅದೇ ಗೇಬ್ರಿಯಲ್‌ನನ್ನು ಎಂಟು ಸಲ ಕೆಡವಿದರು. ತಂಡಗಳು ಅವೇ, ಎಸೆತಗಾರನೂ ಅವನೇ.

ಆದರೆ ಆ ಎರಡು ಪಂದ್ಯಗಳ ನಡುವೆ, 2024ರ ನವೆಂಬರ್ 30ರಂದು ಮಿಷಿಗನ್ ಮೇಲೆ ತಮ್ಮ ಮೈದಾನದಲ್ಲೇ 13-10ರಿಂದ ಸೋತಿದ್ದರು. ಬರೀ 13 ಅಂಕ ಬಿಟ್ಟುಕೊಟ್ಟ ರಕ್ಷಣೆಯನ್ನು ಬೈಯಲು ಯಾರಿಗೂ ಬಾಯಿ ಬರಲಿಲ್ಲ. ಗೆದ್ದವರು ಮೈದಾನದ ನಡುವೆ ತಮ್ಮ ಬಾವುಟ ನೆಡಲು ಹೋಗಿ ಎರಡೂ ತಂಡಗಳಿಗೆ ಕೈ ಕೈ ಹತ್ತಿ, ಪೊಲೀಸರು ಖಾರದ ದ್ರಾವಣ ಎರಚಬೇಕಾಯಿತು. ಮುಖ್ಯ ಗುರು ಡೇ ಅವರನ್ನು ತೆಗೆಯಿರಿ ಎಂಬ ಕೂಗೆದ್ದಿತು. ಕೂಗಿದವರ ಮಾತು ನಡೆದಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಟೆನೆಸ್ಸೀ, ಓರೆಗನ್, ಟೆಕ್ಸಸ್ ತಂಡಗಳನ್ನು ಸೋಲಿಸಿ, ಜನವರಿ 20ರಂದು ನೋಟರ್ ಡೇಮ್ ಮೇಲೆ 34-23ರಿಂದ ಗೆದ್ದು ಓಹಾಯೋ ದೇಶದ ಪ್ರಶಸ್ತಿ ಎತ್ತಿತು. ಟೆಕ್ಸಸ್ ಪಂದ್ಯದ ಕೊನೆಯಲ್ಲಿ ಎದುರಾಳಿ 8 ಗಜದ ದೂರದಲ್ಲಿ ನಾಲ್ಕನೆಯ ಅವಕಾಶಕ್ಕೆ ನಿಂತಿದ್ದಾಗ, ಜ್ಯಾಕ್ ಸಾಯರ್ ನುಗ್ಗಿ ಎಸೆತಗಾರನ ಕೈಯಿಂದ ಚೆಂಡು ಬೀಳಿಸಿ, ತಾನೇ ಎತ್ತಿಕೊಂಡು 83 ಗಜ ಓಡಿದ. ಕೊಲಂಬಸ್ಸಿನ ಪಕ್ಕದ ಊರಿನ ಹುಡುಗ. ಎಸೆತಗಾರ ಕ್ವಿನ್ ಯೂವರ್ಸ್ ಹಿಂದೆ ಓಹಾಯೋದಲ್ಲಿದ್ದಾಗ ಅವನ ಜೊತೆ ಒಂದೇ ಕೋಣೆಯಲ್ಲಿದ್ದವನು! ಅದೇ ಸಾಯರ್ 2022ರ ಆ ಸೋಲಿನ ದಿನವೂ ತಂಡದಲ್ಲಿದ್ದ ಎಂಬುದನ್ನು ಮರೆಯಬಾರದು.

ನೋಲ್ಸ್ ಪ್ರಶಸ್ತಿ ಬಂದ ಕೆಲವೇ ದಿನಗಳಲ್ಲಿ ಪೆನ್ ಸ್ಟೇಟ್ ತಂಡಕ್ಕೆ ಹೊರಟುಹೋದರು. ಓಹಾಯೋದ ರಕ್ಷಣೆಗೆ ಮ್ಯಾಟ್ ಪ್ಯಾಟ್ರಿಶಿಯ ಬಂದರು. 2025ರ ನವೆಂಬರ್ 29ರಂದು ಮಿಷಿಗನ್ ಊರಿನಲ್ಲೇ 27-9ರಿಂದ ಗೆದ್ದು, ನಾಲ್ಕು ವರ್ಷದ ಬಾಕಿ ತೀರಿಸಿದರು. ಆ ರಾತ್ರಿ ಯಾರೂ ರಕ್ಷಣೆಯ ವಿಷಯ ಎತ್ತಲಿಲ್ಲ ಎಂದು ತಂಗಿಯ ಮಗ ಹೇಳಿದ. ಒಂದೇ ವಾರಕ್ಕೆ, ಡಿಸೆಂಬರ್ 6ರಂದು ಇಂಡಿಯಾನಾ ತಂಡದ ಮೇಲೆ ಸೋತರು. ಅಂಕ ಮತ್ತೆ ಅದೇ 13-10. ಕೊನೆಯ ಹೊತ್ತಿನಲ್ಲಿ ಹತ್ತಿರದಿಂದಲೇ ಕಂಬಗಳ ನಡುವೆ ಒದೆಯಬೇಕಾದ ಚೆಂಡು ಪಕ್ಕಕ್ಕೆ ಹೋಗಿತ್ತು. ಮಾರನೆಯ ದಿನದಿಂದ ಕಟ್ಟೆಯ ಮೇಲಿನ ಮಾತು ಚೆಂಡು ಒದೆಯುವ ಹುಡುಗನ ಕಡೆಗೆ ತಿರುಗಿತು.